ಕಂಡಕ್ಟರ್ ಮಾವ ಕಟ್ಟಿದ ಕತೆ

ಸಂಜೆ ನಮ್ಮ ಬೀದಿಯಲ್ಲಿ ಎರಡು ಸಲ ಸೀಟಿ ಕೇಳಿಸಿದರೆ ಹೊರಡುವುದು ಬಸ್ಸಲ್ಲ, ಕತೆ. ನಿವೃತ್ತ ಕಂಡಕ್ಟರ್ ಮಾವ ಪುಸ್ತಕದ ಪೆಟ್ಟಿಗೆಯ ಪಕ್ಕದ ಕಟ್ಟೆಗೆ ಬಂದು ಕೂತರೆಂದು ಅರ್ಥ. ಬೇಕಾದವರು ಒಯ್ಯಲಿ, ಓದಿ ತಂದಿಡಲಿ ಎಂದು ಬೀದಿಯವರೇ ಗೋಡೆಗೆ ಹೊಡೆಸಿದ ಮರದ ಪೆಟ್ಟಿಗೆ ಅದು. ಮಾವ ಅದರಿಂದ ಒಂದು ಕಾದಂಬರಿ ತೆಗೆದು ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದುತ್ತಾರೆ. ಓದುವುದು ಎದುರುಮನೆಯ ಕಿಟಕಿಗೆ. ಅಲ್ಲಿ ಕೂರುವ ಅವರ ಅಕ್ಕನಿಗೆ ಕಣ್ಣು ಮಂಜಾಗಿದೆ, ಅಕ್ಷರ ಕಾಣುವುದಿಲ್ಲ. ದಾರಿಹೋಕರೂ ತರಕಾರಿ ಚೀಲ ಕೆಳಗಿಟ್ಟು ಕೇಳುತ್ತಾರೆ.

ಒಂದು ದಿನ ನಾಯಕಿ ಮಳೆಯಲ್ಲೇ ಮನೆ ಬಿಟ್ಟು ಹೊರಟಳು. ಮರುಸಂಜೆ ನೋಡಿದರೆ ಪೆಟ್ಟಿಗೆಯಲ್ಲಿ ಪುಸ್ತಕವೇ ಇಲ್ಲ. ಯಾರೋ ಒಯ್ದಿದ್ದರು. ತಪ್ಪೇನಿಲ್ಲ, ಪೆಟ್ಟಿಗೆ ಇರುವುದೇ ಅದಕ್ಕೆ. ಆದರೆ ಅಕ್ಕ ಆಗಲೇ ಕಿವಿ ನೆಟ್ಟಿದ್ದರು.

"ಎಲ್ಲಿಗೆ ಹೋದ್ಲೋ ಅವ್ಳು? ನಿದ್ದೇನೇ ಬರ್ಲಿಲ್ಲ ನಂಗೆ."

ಇಲ್ಲ ಎನ್ನಲು ಮಾವನಿಗೆ ಬಾಯಿ ಬರಲಿಲ್ಲ. ಕೈಗೆ ಸಿಕ್ಕಿದ ಅಂಕಗಣಿತದ ಪುಸ್ತಕವನ್ನೇ ಬಿಡಿಸಿ ಹಿಡಿದು, ಹಾಳೆ ಮಗುಚುವ ಸದ್ದು ಮಾಡುತ್ತಾ ತಾವೇ ಕತೆ ಕಟ್ಟತೊಡಗಿದರು. ಕೇಳುವವರು ನಗು ನುಂಗಿಕೊಂಡು ನಿಂತರು.

ಹೀಗೇ ಕೆಲವು ಸಂಜೆ ಕಳೆದವು. ನಾಯಕಿಗೆ ಹೋದಲ್ಲೆಲ್ಲ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಗಂಡ ಓಡೋಡಿ ಬಂದು, ಬಾಗಿಲ ಕಂಬಿ ಹಿಡಿದು ಹತ್ತಿಯೇಬಿಟ್ಟ. ಖಳನಾಯಕನನ್ನು ಮಾತ್ರ ಟಿಕೆಟ್ ಇಲ್ಲವೆಂದು ನಡುದಾರಿಯಲ್ಲಿ ಇಳಿಸಲಾಯಿತು.

ಅಕ್ಕ ನಕ್ಕುಬಿಟ್ಟರು. "ಟಿಕೆಟ್ ಇಲ್ಲ ಅಂತ ಯಾರೋ ಖಳನಾಯಕನ್ನ ಇಳಿಸ್ತಾರೆ? ನೀನೇ ರೈಲು ಬಿಡ್ತಿದೀಯ."

"ರೈಲಲ್ಲಕ್ಕಾ," ಎಂದರು ಮಾವ ಸಣ್ಣ ದನಿಯಲ್ಲಿ, "ಬಸ್ಸು."

ಅಷ್ಟರಲ್ಲಿ ಮೂಲೆಮನೆಯ ನರ್ಸಮ್ಮ ಆ ಕಾದಂಬರಿ ಹಿಡಿದು ಬಂದರು. "ಸಾರಿ ಮಾವ, ನಾನೇ ಒಯ್ದಿದ್ದೆ. ಅತ್ತೂ ಅತ್ತೂ ಸಾಕಾಯ್ತು. ಪಾಪ, ಕೊನೇಲಿ ಅವ್ಳು—"

"ಹೇಳ್ಬೇಡ್ವೇ!" ಕಿಟಕಿಯಿಂದ ಅಕ್ಕ ಕೂಗಿದರು. ಮಾವ ಪುಸ್ತಕ ಕೈಗೆ ತೆಗೆದುಕೊಂಡರು, ಮುಖ ಸಪ್ಪಗಾಯಿತು. ಇನ್ನು ಇದನ್ನೇ ಓದಬೇಕು.

"ಅದು ಪೆಟ್ಟಿಗೇಲಿರ್ಲಿ ಕಣೋ, ಆಮೇಲೆ ಕೇಳ್ತೀನಿ," ಎಂದರು ಅಕ್ಕ. "ಮೊದ್ಲು ನಿನ್ನ ಕತೆ ಮುಗ್ಸು. ಆ ಹುಡ್ಗೀನ ಅರ್ಧ ದಾರೀಲಿ ಬಿಟ್ಟೀಯ ಮತ್ತೆ!"

ಮಾವ ಕಾದಂಬರಿಯನ್ನು ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದರು. "ಬಿಡೋದುಂಟಾ? ಕೊನೇ ಸ್ಟಾಪಿಗೆ ತಲುಪ್ಸೋದು ನನ್ ಜವಾಬ್ದಾರಿ," ಎನ್ನುತ್ತಾ, ಸೀಟಿಯನ್ನು ಜೇಬಿಗಿಳಿಸಿ, ನಾಳೆಯ ಕತೆಯನ್ನು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾ ಬೀದಿಯುದ್ದಕ್ಕೆ ನಡೆದರು. "ಅವ್ಳು ಇಳಿಯೋ ಹೊತ್ಗೆ ಮಳೆ ನಿಂತಿರುತ್ತೆ, ಅಲ್ಲಿ ಕಾಯ್ತಾ ಇರೋದು ಯಾರಪ್ಪಾ ಅಂದ್ರೆ ಅವಳ…" ಎನ್ನುವಷ್ಟರಲ್ಲಿ ಮಾವ ಬೀದಿಯ ತಿರುವು ದಾಟಿದ್ದರು, ಉಳಿದದ್ದು ನಮಗೆ ಕೇಳಿಸಲಿಲ್ಲ.