ಮುಳುಗಡೆ ಊರಿನ ಪಾರ್ಟ್ ಟೂ

ಜಗತ್ತು ಮುಗಿದುಹೋದ ಮೇಲೆ ಉಳಿದವರು ಏನು ಮಾಡಬೇಕು ಎಂಬುದಕ್ಕೆ ಬಾಗೇವಾಡಿಯ ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಒಂದೇ ಉತ್ತರವಿತ್ತು. ಬಂದೂಕು ಹಿಡಿದು, ಎದುರಿಗೆ ಬಂದದ್ದನ್ನು ಹೊಡೆಯುತ್ತ ಮುಂದೆ ಹೋಗಬೇಕು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಆ ಸೆಂಟರಿನಲ್ಲಿ ಬೆಳಿಗ್ಗೆ ಕನ್ನಡ ಟೈಪಿಂಗು, ಲಗ್ನಪತ್ರಿಕೆ ಮಾಡುವುದು ಇತ್ಯಾದಿ ಕಲಿಸುವ ಮಾಸ್ತರ. ಮಧ್ಯಾಹ್ನ ತರಗತಿ ಮುಗಿದು, ಪುಣ್ಯಕ್ಕೆ ಕರೆಂಟೂ ಇದ್ದರೆ, ಅದೇ ಕಂಪ್ಯೂಟರುಗಳ ಮುಂದೆ ನಾನು ಮತ್ತು ನನ್ನ ಇಬ್ಬರು ಗೆಳೆಯರು ಲೋಕದ ಅಂತ್ಯ ನೋಡಲು ಕೂರುತ್ತಿದ್ದೆವು. ಮಾಲೀಕರು ಬಿಜಾಪುರದಲ್ಲಿದ್ದರು. ಬರುವ ಮುಂಚೆ ಫೋನ್ ಮಾಡುವ ಸಜ್ಜನರು.

ಆಟಕ್ಕೊಂದು ಇಂಗ್ಲಿಷ್ ಹೆಸರಿತ್ತು, ನಮ್ಮ ಬಾಯಲ್ಲಿ ಅದು ನಿಲ್ಲಲಿಲ್ಲ. ಮೊದಲು ಬಂದದ್ದು ಪಾರ್ಟ್ ಒನ್, ಆಮೇಲೆ ಬಂದದ್ದು ಪಾರ್ಟ್ ಟೂ. ಯಾವುದೋ ದೇಶದಲ್ಲಿ ಏನೋ ಸಿಡಿದು ಗಾಳಿಯೆಲ್ಲ ವಿಷವಾಗಿದೆ. ಊರುಗಳು ಖಾಲಿ. ಒಂದಿಷ್ಟು ಲೂಟಿಕೋರರು, ಒಂದಿಷ್ಟು ಕೆಟ್ಟ ಪ್ರಾಣಿಗಳು ಬಿಟ್ಟರೆ ಉಳಿದವರು ನೀವೊಬ್ಬರೇ. ಆಡುವವನ ಮುಖ ಕಾಣುವುದಿಲ್ಲ, ಪರದೆಯ ಕೆಳಗೆ ಅವನ ಕೈ ಮತ್ತು ಕೈಯಲ್ಲಿನ ಬಂದೂಕು ಮಾತ್ರ ಕಾಣುತ್ತದೆ. ಹೀಗಾಗಿ ನಡೆಯುವವರೂ ನೀವೇ, ಹೆದರುವವರೂ ನೀವೇ. ಪಾರ್ಟ್ ಒನ್ ಆಡಿದ ಮೇಲೆ ಹಲವು ದಿನ ನಾನು ನಮ್ಮ ಸೆಂಟರಿನ ಜಿನೆಯ ಮೆಟ್ಟಿಲು ಇಳಿಯುವಾಗಲೂ ಮೂಲೆಯಲ್ಲಿ ಇಣುಕಿ ನೋಡಿಯೇ ಇಳಿಯುತ್ತಿದ್ದೆ.

ಪಾರ್ಟ್ ಟೂ ಸಿ.ಡಿ. ಬಂದ ವಾರದಲ್ಲೇ ನಮ್ಮಲ್ಲಿ ಜಗಳ ಹತ್ತಿಕೊಂಡಿತು. ಬಸ್‌ಸ್ಟ್ಯಾಂಡ್ ಎದುರು ಫೋಟೊ ಸ್ಟುಡಿಯೊ ಇಟ್ಟಿದ್ದ ಗೆಳೆಯನಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ.

“ಪಾರ್ಟ್ ಒನ್‌ದಾಗ ಜೀವಾ ಅಂಗೈಯಾಗ ಹಿಡಕೊಂಡು ಒಂದೊಂದು ಮನಿ ಹೊಗಬೇಕಿತ್ತಲೇ,” ಎನ್ನುತ್ತಿದ್ದ. “ಗುಂಡು ಕಡಿಮಿ, ಕತ್ತಲಿ, ಉಸಿರಾಡಿದ್ದೂ ಕೇಳಸ್ತಿತ್ತು. ಇದರಾಗೇನೈತಿ? ಬಲೂನ್ ಹೊಡದಂಗ ಢಂ ಢಂ ಹೊಡಕೋತ ಹೋಗೂದು. ಜಗತ್ತು ಮುಗದೈತೋ ದೀಪಾವಳಿ ನಡದೈತೋ ತಿಳಿವಲ್ದು.”

ಗೊಬ್ಬರದಂಗಡಿಯ ಗೆಳೆಯ ಇದನ್ನು ಒಪ್ಪುತ್ತಿರಲಿಲ್ಲ. ತಂದೆಯ ಜೊತೆ ಅಂಗಡಿಯಲ್ಲಿ ಕೂತು ಬೈಸಿಕೊಂಡು, ಊಟಕ್ಕೆಂದು ಸುಳ್ಳು ಹೇಳಿ ಬರುತ್ತಿದ್ದವನು ಅವನು. “ಹೆದರಿಕಿ ಬೇಕಾದ್ರ ನಮ್ಮಪ್ಪನ ಮುಂದ ಕುಂದರತೇನಿ ಬಿಡಪಾ. ಆಟಕ್ಕ ಬಂದಾಗರೆ ಮನಸಾರೆ ನಾಕು ಗುಂಡು ಹೊಡಿಯೂಣು,” ಎನ್ನುತ್ತಿದ್ದ. ಅವನ ಮಾತಿನಲ್ಲೂ ನ್ಯಾಯವಿತ್ತು.

ನಾನು ಇಬ್ಬರಿಗೂ ತಲೆಯಾಡಿಸುತ್ತಿದ್ದೆ. ಆದರೆ ಒಂದು ವಿಷಯ ಬಂದಾಗ ಇಬ್ಬರೂ ನನ್ನ ಕಡೆ ತಿರುಗುತ್ತಿದ್ದರು. ಪಾರ್ಟ್ ಟೂನಲ್ಲಿ ಒಂದು ಹಾಳುಬಿದ್ದ ಹಳ್ಳಿಯಿತ್ತು. ಸೂರು ಹಾರಿದ ಮನೆಗಳು, ಬೋಳು ಗೋಡೆಗಳು, ನಡುವೆ ಧೂಳು ತುಂಬಿದ ಓಣಿ. “ಇದು ಖರೇ ಕಾಣಸ್ತೈತೇನು? ನಿಂದು ಮುಳುಗಡಿ ಊರ ಐತೆಲ್ಲಾ, ನೀ ಹೇಳು,” ಎಂದು ಸ್ಟುಡಿಯೊದವನು ಕೇಳಿದ.

ನಮ್ಮದು ಕೃಷ್ಣೆಯ ದಂಡೆಯ ಊರು. ನಾನು ಹೈಸ್ಕೂಲಿನಲ್ಲಿದ್ದಾಗ ಅಣೆಕಟ್ಟಿನ ಹಿನ್ನೀರಿಗೆ ಅದು ಮುಳುಗಿತು, ನಮಗೆ ರಸ್ತೆ ಬದಿಗೆ ಹೊಸ ಊರು ಕೊಟ್ಟರು. ಈ ಕಾರಣಕ್ಕೆ ಸೆಂಟರಿನಲ್ಲಿ ನಾನು ಹಾಳೂರುಗಳ ತಜ್ಞನಾಗಿದ್ದೆ. ಕುರ್ಚಿಗೆ ಒರಗಿ, ದೊಡ್ಡ ಪಂಡಿತನ ಹಾಗೆ, ಇದು ಶುದ್ಧ ಸುಳ್ಳು ಎಂದು ಹೇಳಿದೆ. ಊರು ಬಿಡುವ ಜನ ಬಾಗಿಲು ಬಿಟ್ಟು ಹೋಗುವುದಿಲ್ಲ. ಚೌಕಟ್ಟು ಸಮೇತ ಕಿತ್ತು ಟ್ರ್ಯಾಕ್ಟರಿಗೆ ಹೇರುತ್ತಾರೆ. ತೊಲೆ, ಜಂತಿ, ಕಿಟಕಿಯ ಸರಳು, ಒಳ್ಳೆಯ ಕಲ್ಲು, ಯಾವುದನ್ನೂ ನೀರಿಗೆ ಬಿಡುವುದಿಲ್ಲ. ಇಲ್ಲಿ ನೋಡಿದರೆ ಪ್ರತಿ ಮನೆಗೂ ಬಾಗಿಲು ಹಾಗೇ ಇದೆ, ತೆರೆಯುವ ಮನೆಯೊಳಗೆ ಗೋಡೆಯ ಮಾಡದಲ್ಲಿ ಪಾತ್ರೆಗಳೂ ಇವೆ. ಈ ಆಟ ಮಾಡಿದವರು ಎಂದೂ ಊರು ಬಿಟ್ಟವರಲ್ಲ ಅಂದೆ. ಗೆಳೆಯರು ಬಾಯಿ ತೆರೆದು ಕೇಳಿದರು. ನನಗೆ ಬಹಳ ಸುಖವಾಯಿತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಆ ಸುಖ ಕಹಿಯಾಯಿತು. ನಮ್ಮ ಊರು ಮುಳುಗಿದ್ದನ್ನು ನಾನು ಮಾತಿನಲ್ಲಿ ಗೆಲ್ಲಲು ಬಳಸಿಕೊಂಡಿದ್ದೆ.

ಯಾಕೆಂದರೆ ಊರು ಬಿಟ್ಟ ದಿನ ನನಗೆ ದುಃಖವಾಗಿರಲಿಲ್ಲ. ಇದನ್ನು ಹೇಳಲು ಈಗಲೂ ನಾಚಿಕೆ. ಹೊಸ ಊರಿಗೆ ಬಸ್ಸು ಬರುತ್ತದೆ, ಮನೆಯ ಮುಂದೆಯೇ ಹತ್ತಬಹುದು ಎಂಬ ಖುಷಿಯಲ್ಲಿ ಟ್ರ್ಯಾಕ್ಟರಿನ ಮೇಲೆ, ನಮ್ಮದೇ ತಲಬಾಗಿಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದೆ. ಅಪ್ಪನಿಗೂ ಅಂಥ ದುಃಖವೇನಿರಲಿಲ್ಲ. ಪ್ರತಿ ಮಳೆಗಾಲ ಹೊಳೆಗೆ ಹೆದರಿ ಹೆದರಿ ಅವನಿಗೆ ಸಾಕಾಗಿತ್ತು. ಅವ್ವ ಮಾತ್ರ ಹೊರಗೆ ಬರಲೊಲ್ಲಳು. ಒಳಗೆ ಹೋಗಿ ನೋಡಿದರೆ, ಸೂರು ಬಿಚ್ಚಿದ, ಬಾಗಿಲಿಲ್ಲದ ಮನೆಯ ನೆಲಕ್ಕೆ ಸೆಗಣಿ ಸಾರಿಸುತ್ತಿದ್ದಾಳೆ. ಅಪ್ಪನಿಗೆ ಸಿಟ್ಟು ಬಂತು.

“ಹುಚ್ಚು ಹಿಡದೈತೇನ ನಿನಗ? ಯಾರ ಬರ್ತಾರಂತ ಸಾರಸಾಕತ್ತಿ?”

“ಹೊಳಿ ಬರ್ತೈತಲ್ರಿ,” ಅಂದಳು ಅವ್ವ, ತಲೆ ಎತ್ತದೆ.

ಹೊಸ ಊರಿನಲ್ಲಿ ಅವಳು ಯಾರನ್ನೂ ದೂರಲಿಲ್ಲ. ಆದರೆ ಊಟದ ನಡುವೆ, ಜೋಳ ಹಸನು ಮಾಡುವಾಗ, ಸುಮ್ಮಸುಮ್ಮನೆ ಒಂದು ಮಾತು ತೆಗೆಯುತ್ತಿದ್ದಳು: ಊರಬಾಗಿಲ ಅಗಸಿಯ ಹತ್ತಿರ ಆ ಬೇವಿನ ಗಿಡ ಎಷ್ಟು ತಂಪಿತ್ತು, ಹೊಳೆಗೆ ಇಳಿಯುವ ಮೆಟ್ಟಿಲಲ್ಲಿ ಒಂದು ಯಾವಾಗಲೂ ಅಲ್ಲಾಡುತ್ತಿತ್ತು. ಅಪ್ಪ ರೇಡಿಯೊದ ದನಿ ಏರಿಸುತ್ತಿದ್ದ. ನಾನು ತಾಟಿನಲ್ಲಿ ಮುಖ ಇಡುತ್ತಿದ್ದೆ. ಒಮ್ಮೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ನಿಮಗ್ಯಾರಿಗೂ ಊರು ನೆನಪ ಆಗಂಗಿಲ್ಲೇನು? ನಾ ಒಬ್ಬಾಕಿನ ಇದ್ನೇನು ಅಲ್ಲಿ?” ಎಂದು ಕೇಳಿದಳು. ಅಪ್ಪ ಎದ್ದು ಹೊರಗೆ ಹೋದ. ಅವಳಿಗೆ ಊರು ವಾಪಸು ಬೇಕಿರಲಿಲ್ಲ, ಅದು ಬರುವುದಿಲ್ಲ ಎಂದು ನಮಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಒಬ್ಬರಾದರೂ ತನ್ನ ಜೊತೆ ಕೂತು ಅದನ್ನು ನೆನೆಯಬೇಕು, ಅಷ್ಟೇ ಬೇಕಿತ್ತು. ಅಷ್ಟನ್ನೂ ನಾವು ಕೊಡಲಿಲ್ಲ.

ಪಾರ್ಟ್ ಟೂ ಜಗಳ ಜೋರಾಗಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಅವ್ವ ಕಣ್ಣು ತೋರಿಸಲೆಂದು ಬಾಗೇವಾಡಿಗೆ ಬಂದಳು. ಮುಂದಿನ ಬಸ್ಸಿಗೆ ಹೊತ್ತಿದ್ದರಿಂದ ಹುಡುಕಿಕೊಂಡು ಸೆಂಟರಿಗೇ ಬಂದುಬಿಟ್ಟಳು. ನಾನು ಆಟ ಮುಚ್ಚುವುದರೊಳಗೆ ಅವಳು ಬೆನ್ನ ಹಿಂದೆ ನಿಂತಾಗಿತ್ತು. ಪರದೆಯ ಮೇಲೆ ಅದೇ ಹಾಳು ಹಳ್ಳಿ. ಅಲ್ಲಿದ್ದವರನ್ನೆಲ್ಲ ಆಗಲೇ ಕೊಂದು ಮುಗಿಸಿದ್ದರಿಂದ ಊರು ಶಾಂತವಾಗಿತ್ತು.

ಸ್ಟುಡಿಯೊದ ಗೆಳೆಯ ಎದ್ದು ಕುರ್ಚಿ ಕೊಟ್ಟ. ನನ್ನ ಕಾಲೆಳೆಯಲು, “ಬರ್ರಿ ಅವ್ವಾರ, ನಿಮ್ಮ ಮಗಾ ಇಲ್ಲಿ ದಿನಾ ಮುಳುಗಡಿ ಊರಾಗ ತಿರಗತಾನ ನೋಡ್ರಿ. ಬ್ಯಾರೆ ಕೆಲಸನ ಇಲ್ಲ,” ಅಂದ.

ಅವ್ವ ನಗಲಿಲ್ಲ. ಹೊಸ ಔಷಧಿ ಬಿಟ್ಟಿದ್ದ ಕಣ್ಣು ಕಿರಿದು ಮಾಡಿ ಪರದೆಯ ಹತ್ತಿರ ಬಾಗಿದಳು.

“ಹೌದೇನೋ ತಮ್ಮಾ? ಯಾವ ಊರಿದು?”

“ಯಾವೂರೂ ಅಲ್ಲವ್ವಾ, ಕಂಪ್ಯೂಟರಿಂದು.”

“ಆ ಕೈಯಾಗಿಂದೇನದು?”

ಪರದೆಯ ಕೆಳಗಿನ ಬಂದೂಕು ಅವಳ ಕಣ್ಣಿಗೆ ಸರಿಯಾಗಿ ಕಂಡಿರಲಿಲ್ಲ. “ಬ್ಯಾಟರಿ,” ಅಂದೆ. ಗೊಬ್ಬರದಂಗಡಿಯವನು ಕೆಮ್ಮಿದ.

“ಒಳಗ ಹೋಗಾಕ ಬರ್ತೈತೇನು? ಹೋಗು, ಆ ಮನಿಗೆ ಹೋಗು.”

ಪಾರ್ಟ್ ಟೂ ಬಗ್ಗೆ ಎಲ್ಲರ ದೊಡ್ಡ ತಕರಾರು ಅದೇ ಇತ್ತು. ಪಾರ್ಟ್ ಒನ್‌ನಲ್ಲಿ ಯಾವ ಮನೆಗಾದರೂ ಹೊಗಬಹುದಿತ್ತು, ಇದರಲ್ಲಿ ಬಹಳಷ್ಟು ಬಾಗಿಲುಗಳು ಗೋಡೆಗೆ ಬರೆದ ಚಿತ್ರ. ಅವ್ವ ತೋರಿಸಿದ ಬಾಗಿಲು ತೆರೆಯಲಿಲ್ಲ. ಅದರ ಪಕ್ಕದ್ದೂ ತೆರೆಯಲಿಲ್ಲ. ಅವಳು ಪ್ರತಿ ಬಾಗಿಲಿಗೂ “ಇದೂ ಇಲ್ಲೇನು?” ಎನ್ನುತ್ತಿದ್ದಳು. ನನಗೆ ಆ ಆಟ ಮಾಡಿದವರ ಮೇಲೆ ಅಂದು ಬಂದಷ್ಟು ಸಿಟ್ಟು ಮತ್ತೆಂದೂ ಬಂದಿಲ್ಲ. ಓಣಿಯ ಕೊನೆಯಲ್ಲಿ ಒಂದು ಮನೆ ತೆರೆಯಿತು. ಒಳಗೆ ಒಲೆ, ಮಾಡ, ಮಾಡದಲ್ಲಿ ನಾಲ್ಕಾರು ಪಾತ್ರೆ. ಯಾವುದನ್ನು ತೋರಿಸಿ ನಾನು ಇದು ಶುದ್ಧ ಸುಳ್ಳು ಎಂದಿದ್ದೆನೋ ಅದನ್ನೇ ಅವ್ವ ಬಹಳ ಹೊತ್ತು ನೋಡಿದಳು.

“ಭಾಂಡೆ ಬಿಟ್ಟು ಹ್ವಾದ್ರಲ್ಲೋ ಪಾಪ,” ಅಂದಳು. “ಗಡಿಬಿಡಿಲೆ ಎಬ್ಬಿಸಿರಬೇಕು. ನಮಗರೆ ಬಾಗಲಾ ಕಿತ್ತುಕೊಳ್ಳಾಕ ಟೈಮ್ ಸಿಕ್ಕಿತ್ತು.”

ಇಷ್ಟು ದಿನ ಪಾರ್ಟ್ ಟೂ ಬಗ್ಗೆ ನಾವು ಆಡಿದ ಮಾತುಗಳಲ್ಲಿ ಒಂದೂ ಈ ಕಡೆಯಿಂದ ಯೋಚಿಸಿದ್ದಲ್ಲ. ಆ ಮನೆಯಲ್ಲಿ ಯಾರಿದ್ದರು ಎಂದು ನಾವು ಕೇಳಿಕೊಂಡೇ ಇರಲಿಲ್ಲ.

ಬಸ್ಸಿಗೆ ಬಿಡಲು ಹೋದಾಗ ಅವ್ವ ನನ್ನ ತೋಳು ಹಿಡಿದುಕೊಂಡು ನಡೆದಳು. “ನಾ ತಪ್ಪು ತಿಳಕೊಂಡಿದ್ನೋ ತಮ್ಮಾ,” ಅಂದಳು. “ನಿನಗ ಊರಿಂದು ಏನೂ ಅನಸೂದಿಲ್ಲ ಅಂತಿದ್ದೆ. ನೀ ಯಾರಿಗೂ ಹೇಳದ ಇಲ್ಲಿ ಬಂದು ನೋಡಕೋತ ಕುಂದರತಿ. ನಿನಗೂ ನೆನಪ ಆಗ್ತೈತಿ, ಹೌದಿಲ್ಲೋ?”

ನಾನು ಅಲ್ಲಿಗೆ ಹೋಗುತ್ತಿದ್ದದ್ದು ಮಂದಿಯನ್ನು ಕೊಲ್ಲಲು. ಅದನ್ನು ಅವಳ ಮುಖ ನೋಡಿ ಹೇಳುವ ಧೈರ್ಯ ಯಾರಿಗಿದೆ? “ಆಗ್ತೈತವ್ವಾ,” ಅಂದೆ. ಬಸ್ಸಿನ ಕಿಟಕಿಯಲ್ಲಿ ಅವಳ ಮುಖ ಎಷ್ಟು ಹಗುರವಾಗಿತ್ತೆಂದರೆ, ಹೇಳಿದ್ದೇ ಒಳ್ಳೆಯದಾಯಿತು ಎಂದು ನನಗೆ ನಾನೇ ಶಹಬ್ಬಾಸ್ ಕೊಟ್ಟುಕೊಂಡೆ.

ಅಂದಿನಿಂದ ಸಂಜೆ ನಾನು ಮನೆಗೆ ಬಂದರೆ ಅವ್ವ ಚಹಾ ತಂದು ಕಟ್ಟೆಯ ಮೇಲೆ ಪಕ್ಕದಲ್ಲೇ ಕೂರುತ್ತಿದ್ದಳು. ಓಣಿ ಓಣಿ ಹಿಡಿದು ಊರನ್ನು ಹೇಳುತ್ತಿದ್ದಳು. ಯಾರ ಮನೆಯ ಮುಂದೆ ಎಂಥ ಕಲ್ಲು, ಯಾರ ಗೋಡೆಗೆ ಯಾವ ಬಣ್ಣ. ಹೇಳಿ ನಡುವೆ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದಳು, ಮುಂದಿನದನ್ನು ನಾನು ಸೇರಿಸಲಿ ಎಂದು. ನನಗೇನು ನೆನಪಿತ್ತು? ಊರಿನಲ್ಲಿದ್ದಾಗ ನನ್ನ ಗಮನವೆಲ್ಲ ಊರಿನ ಹೊರಗಿನ ಬಸ್ಸಿನ ಮೇಲಿತ್ತು. ಹೂಂ, ಹೌದು, ಇತ್ತಲ್ಲ ಎಂದು ಬಾಯಿಗೆ ಬಂದದ್ದು ಹೇಳಿ ದಾಟಿಸುತ್ತಿದ್ದೆ. ಅವಳು ಚಹಾ ತರುವ ಸಂಭ್ರಮ ನೋಡಿ ಬಿಡಲಾಗುತ್ತಿರಲಿಲ್ಲ.

ಒಂದು ಸಂಜೆ ಅವಳು ಗುಡಿಯ ಹಿಂದಿನ ಸಂದಿಯ ಮಾತು ತೆಗೆದು, “ಅಲ್ಲಿ ಮೂಲ್ಯಾಗ ಏನಿತ್ತು ಹೇಳು?” ಎಂದು ಪರೀಕ್ಷೆ ಮಾಡುವವರ ಹಾಗೆ ಕೇಳಿದಳು. ನಾನು ಯೋಚಿಸದೆ, “ಒಂದು ಹಳೇ ಬಾವಿ ಇತ್ತಲ್ಲವ್ವಾ, ಮ್ಯಾಲೆ ಕಟ್ಟಿಗಿ ಹಲಗಿ ಮುಚ್ಚಿದ್ದು. ಬಾಜೂಕ ಒಣಗಿದ ಗಿಡ,” ಅಂದೆ.

ಹೇಳಿ ಮುಗಿಸುವಾಗಲೇ ತಿಳಿಯಿತು. ಆ ಬಾವಿ ನಮ್ಮೂರಿನದಲ್ಲ. ಪಾರ್ಟ್ ಒನ್‌ನದು. ಅದರ ಹಿಂದೆ ಅಡಗಿ ಕೂತು ನಾನು ಎಷ್ಟೋ ಜನರನ್ನು ಹೊಡೆದಿದ್ದೆ.

ಅವ್ವ ಹುಬ್ಬು ಗಂಟಿಕ್ಕಿದಳು. “ಬಾವೀನಾ? ಅಲ್ಲೊಂದು ಬೀಸೂ ಕಲ್ಲು ಬಿದ್ದಿತ್ತಂತ ನನ್ನ ತಲ್ಯಾಗೈತಿ. ಹೊಳಿ ಬಾಜೂಕ ಇರೂವಾಗ ಬಾವಿ ಯಾಕ ತೋಡಿದ್ರೋ…” ಎಂದು ಹಣೆ ತಿಕ್ಕಿಕೊಂಡಳು. ಆಗ “ಇಲ್ಲ ಅವ್ವಾ, ನಾನೇ ತಪ್ಪು ಹೇಳಿದೆ” ಅನ್ನಬಹುದಿತ್ತು. ಹಾಗೆ ಹೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ, ಅದರ ಹಿಂದೆ ಇನ್ನೊಂದು, ಕೊನೆಗೆ ಅವಳು ಈ ಕಟ್ಟೆಯ ಮೇಲೆ ಇಷ್ಟು ದಿನ ಒಬ್ಬಳೇ ಕೂತಿದ್ದಳು ಎಂಬುದು ಹೊರಗೆ ಬೀಳುತ್ತದೆ. ಚಹಾ ಮುಗಿಸಿ ಬಟ್ಟಲು ಕೆಳಗಿಟ್ಟೆ. ಅವಳೇ, “ಇದ್ದೀತು. ನನಗ ಮರತೈತಿ,” ಎಂದು ಚಹಾದ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಕೆಲವು ದಿನಗಳ ಮೇಲೆ ಮುದ್ದೇಬಿಹಾಳದಿಂದ ಅತ್ತೆ ಬಂದಳು. ಅಪ್ಪನ ಅಕ್ಕ, ನಮ್ಮ ಮುಳುಗಿದ ಊರಿನಲ್ಲೇ ಹುಟ್ಟಿ, ಲಗ್ನವಾಗುವ ತನಕ ಅದೇ ಓಣಿಗಳಲ್ಲಿ ಓಡಾಡಿದವಳು. ನಾನು ಬಾಗೇವಾಡಿಯಿಂದ ಬರುವಷ್ಟರಲ್ಲಿ ಇಬ್ಬರೂ ಕಟ್ಟೆಯ ಮೇಲೆ ಕೂತು ಊರು ಹೇಳಿಕೊಳ್ಳುತ್ತಿದ್ದರು. ಗುಡಿ ದಾಟಿ ಅವ್ವ ಸಂದಿಗೆ ಬಂದಳು. ಹಲಗೆ ಮುಚ್ಚಿದ ಬಾವಿ, ಒಣಗಿದ ಗಿಡ. ಅವಳ ಬಾಯಲ್ಲಿ ಆ ಗಿಡಕ್ಕೆ ಹಕ್ಕಿಗೂಡೊಂದು ಸೇರಿಕೊಂಡಿತ್ತು.

“ಬಾವಿ ಎಲ್ಲಿದು ತಂಗೀ?” ಅತ್ತೆ ನಕ್ಕಳು. “ಹೊಳಿದಂಡಿ ಊರಾಗ ಬಾವಿ?”

“ಇತ್ತು ಅಕ್ಕಾ, ನಿಮಗ ಮರತೈತಿ. ನನಗೂ ಮರತಿತ್ತು. ಇವನೇ ನೆನಪ ಮಾಡಿ ಕೊಟ್ಟ,” ಎಂದು ಅವ್ವ ಹೆಮ್ಮೆಯಿಂದ ನನ್ನ ಕಡೆ ತಿರುಗಿದಳು. “ಹೌದಿಲ್ಲೋ ತಮ್ಮಾ?”

“ಹೌದವ್ವಾ,” ಅಂದೆ.

ಅತ್ತೆ ನನ್ನ ಮುಖ ನೋಡಿದಳು. ಅವಳ ನಗು ನಿಧಾನಕ್ಕೆ ಇಳಿಯಿತು. ಬೆರಳಿನಿಂದ ಕಟ್ಟೆಯ ಮೇಲೆ ಓಣಿ, ಗುಡಿ, ಸಂದಿ ಎಂದು ಗೆರೆ ಎಳೆದು ನೋಡಿ, ಮೂಲೆಗೆ ಬಂದಾಗ ಬೆರಳು ನಿಲ್ಲಿಸಿದಳು.

“ಇದ್ದರೂ ಇದ್ದೀತು ಬಿಡವಾ,” ಅಂದಳು. “ನನಗೂ ಈಗ ಎಲ್ಲಾ ನೆನಪೆಲ್ಲಿ ಉಳದೈತಿ.”