ತ್ಯಾವಣಿಗೆಯ ಪಂಪ್‌ಹೌಸ್ ಗೋಡೆ

ಫೋನಿನ ಪರದೆಯ ಮೇಲೆ ಒಂದು ಗೋಡೆ. ಗೋಡೆಯ ತುಂಬ ಕನ್ನಡ ವರ್ಣಮಾಲೆ. ಕೆಳಗೆ ಎರಡು ಗುಂಡಿ: ಯೋಗ್ಯ, ಯೋಗ್ಯವಲ್ಲ.

ಇಲ್ಲಿಂದ ಶುರು ಮಾಡಿದರೆ ಎಲ್ಲ ಚೊಕ್ಕವಾಗಿ ಕಾಣುತ್ತದೆ. ಚೊಕ್ಕವಾಗಿ ಕಾಣುವ ನೆನಪನ್ನು ನಾನು ನಂಬುವುದಿಲ್ಲ, ಅದರಲ್ಲೂ ನನ್ನದನ್ನು. ಹಾಗಾಗಿ ಇನ್ನೊಂದು ಕಡೆಯಿಂದ ಹೇಳುತ್ತೇನೆ. ನನ್ನ ಅಣ್ಣ ತೀರಿಕೊಂಡಿದ್ದಾನೆ. ಚನ್ನಗಿರಿಯ ಖಬರಸ್ತಾನದಲ್ಲಿ ಅವನನ್ನು ಮಣ್ಣು ಮಾಡಿದ್ದಾರೆ. ನಮ್ಮ ಮನೆತನದಲ್ಲಿ ಹೆಂಗಸರು ಅಲ್ಲಿಗೆ ಹೋಗುವ ರೂಢಿಯಿಲ್ಲ. ಅವನ ಜನಾಜಾ ಹೊತ್ತುಕೊಂಡು ಹೊರಟಾಗ ನಾನು ಬಾಗಿಲವರೆಗೆ ಹೋದೆ, ಅಷ್ಟೇ. ಅವನಿಗೋಸ್ಕರ ಹೋಗಿ ನಿಲ್ಲಲು ನನಗೊಂದು ಜಾಗ ಬೇಕು. ಅಂಥ ಜಾಗ ಒಂದೇ ಒಂದಿದೆ. ಅದು ನಕ್ಷೆಗೆ ಬರದಂತೆ ನೋಡಿಕೊಂಡವರಲ್ಲಿ ನಾನೂ ಒಬ್ಬಳು.

ನಕ್ಷೆ ಎಂದರೆ ಆಟದ ನಕ್ಷೆ. ಫೋನ್ ಹಿಡಿದುಕೊಂಡು ಊರಲ್ಲಿ ನಡೆಯುತ್ತ ಆಡುವ ಆಟ. ಗುಡಿ, ದರ್ಗಾ, ಹಳೇ ಬಾವಿ, ವೃತ್ತದ ಪ್ರತಿಮೆ ಇವೆಲ್ಲ ಅದರಲ್ಲಿ ಮಿನುಗುವ ಚುಕ್ಕೆಗಳು. ಹತ್ತಿರ ಹೋದರೆ ಅಂಕ ಸಿಗುತ್ತದೆ. ಆ ಚುಕ್ಕೆಗಳನ್ನು ಇಡುವವರು ಆಡುವವರೇ. ಯಾರೋ ಒಂದು ಜಾಗದ ಫೋಟೋ ತೆಗೆದು, ಇದು ಯಾಕೆ ನೋಡುವಂಥದ್ದು ಎಂದು ನಾಲ್ಕು ಸಾಲು ಬರೆದು ಕಳಿಸುತ್ತಾರೆ. ಅದನ್ನು ಪರಿಶೀಲಿಸುವವರೂ ಆಡುವವರೇ. ಕಳಿಸಿದವರ ಹೆಸರು ನಮಗೆ ಕಾಣದು, ನಮ್ಮ ಹೆಸರು ಅವರಿಗೆ ಕಾಣದು. ನಾನು ಅಂಥ ಪರಿಶೀಲಕಿ. ಹೊನ್ನಾಳಿಯಲ್ಲಿ ನನ್ನ ಮನೆ, ನ್ಯಾಮತಿಯ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ. ನಡುವಿನ ಬಸ್ಸಿನಲ್ಲಿ, ಸೀಟು ಸಿಕ್ಕ ದಿನ, ಹತ್ತು ಜಾಗಗಳಿಗೆ ತೀರ್ಪು ಕೊಡುತ್ತಿದ್ದೆ.

ಅಣ್ಣನನ್ನು ಈ ಆಟಕ್ಕೆ ಎಳೆದವಳು ನಾನೇ. ಅವನು ಬೋರ್ಡ್ ಬರೆಯುವವನು. ಚನ್ನಗಿರಿಯಿಂದ ಜಗಳೂರಿನ ತನಕ ಅಂಗಡಿ, ಸೊಸೈಟಿ, ಲಾರಿ, ಗೋಡೆ, ಎಲ್ಲದರ ಮೇಲೂ ಅವನ ಅಕ್ಷರ ಇತ್ತು. ಫ್ಲೆಕ್ಸ್ ಬಂದ ಮೇಲೆ ಕೈ ಖಾಲಿಯಾಯಿತು, ಕೂತು ಕೂತು ಸಕ್ಕರೆ ಕಾಯಿಲೆ ಬಂತು. ಡಾಕ್ಟರು ದಿನಾ ನಡೆಯಲು ಹೇಳಿದರು. ಅವನ ಫೋನಿಗೆ ಆಟ ಹಾಕಿಕೊಟ್ಟೆ.

"ಐವತ್ತು ದಾಟಿದೋನು ಫೋನ್ ಹಿಡ್ಕಂಡು ಬೀದಿ ಸುತ್ತಿದ್ರೆ ಜನ ಏನಂತಾರೆ?"

"ಸಕ್ಕರೆ ಐತೆ ಅಂತಾರೆ, ಭಾಯಿ."

ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಅವನ ಮಾತು ನನಗೆ ಕನ್ನಡದಲ್ಲೇ ನೆನಪಿಗೆ ಬರುತ್ತದೆ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಆಡಿದ ಮಾತಿರಬಹುದು. ನಾನೇ ಬದಲಾಯಿಸಿಕೊಂಡಿರಬಹುದು. ಇದನ್ನು ಓದುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರು ತಿಂಗಳಲ್ಲಿ ಅವನು ನನಗಿಂತ ಹೆಚ್ಚು ಹುಚ್ಚು ಹಿಡಿಸಿಕೊಂಡ. ನನ್ನನ್ನು ಮೇಡಂ ಎಂದು ಕರೆಯಲು ಶುರು ಮಾಡಿದ. "ನೋಡು ಮೇಡಂ, ಇಡೀ ಚನ್ನಗಿರಿ ಇದರೊಳಗೈತೆ. ಕೋಟೆ ಐತೆ, ಗುಡಿ ಐತೆ, ದರ್ಗಾ ಐತೆ. ಬೋರ್ಡ್ ಬರೆದೋನು ಮಾತ್ರ ಎಲ್ಲೂ ಇಲ್ಲ."

"ನಿನ್ನ ಬೋರ್ಡೆಲ್ಲ ತೆಗೆದು ಫ್ಲೆಕ್ಸ್ ಹಾಕ್ಯಾರಲ್ಲ."

"ತ್ಯಾವಣಿಗೆ ಗೋಡೆ ಐತೆ. ಅದನ್ನ ಯಾವನೂ ತೆಗೆದಿಲ್ಲ. ನೀನು ಒಂದ್ಸಲನೂ ಬಂದು ನೋಡಿಲ್ಲ."

ನಿಜ, ನೋಡಿರಲಿಲ್ಲ. ಅದು ನೀರಿನ ಪಂಪ್‌ಹೌಸಿನ ಗೋಡೆ. ನೀರನ್ನು ಮಿತವಾಗಿ ಬಳಸಿ ಎಂದು ಬರೆಯಲು ಕರೆಸಿದ್ದರಂತೆ. ಬರೆದು ಮುಗಿಸಿದ ಮೇಲೆ ಬದಿಯ ಗೋಡೆ ಖಾಲಿ ಉಳಿದಿತ್ತು. ಕೊಡ ಹಿಡಿದು ನಿಲ್ಲುವ ಹೆಂಗಸರ ಜತೆ ಮಕ್ಕಳು ಸುಮ್ಮನೆ ನಿಂತಿರುತ್ತವೆ ಎಂದು, ಯಾರೂ ಕೇಳದೆ, ಇಡೀ ವರ್ಣಮಾಲೆ ಬರೆದ. ನೀಲಿ ಪುಡಿ ಹಚ್ಚಿದ ದಾರವನ್ನು ಬಿಗಿಯಾಗಿ ಎಳೆದು, ಗೋಡೆಗೆ ಚಿಮ್ಮಿ, ಗೀಟು ಮೂಡಿಸಿ ಬರೆದದ್ದು, ಒಂದೊಂದು ಅಕ್ಷರ ಒಂದು ಗೇಣು ಎತ್ತರ. ಹೆಸರು ಹಾಕುವ ಅಭ್ಯಾಸ ಅವನಿಗಿರಲಿಲ್ಲ. ಕೆಳಗೆ ಬಲಮೂಲೆಯಲ್ಲಿ ಹೆಬ್ಬೆರಳಿನಷ್ಟು ಒಂದು ಹಸಿರು ಎಲೆ ಬಿಡಿಸುತ್ತಿದ್ದ.

ಈಗ ಆ ಪರದೆಗೆ ಬರುತ್ತೇನೆ. ಅಣ್ಣ ಆ ಗೋಡೆಯನ್ನು ಆಟಕ್ಕೆ ಕಳಿಸಿದ್ದ, ಅದು ತೀರ್ಪಿಗೆ ನನ್ನ ಫೋನಿಗೂ ಬಂತು, ನಾನು ಬೇಡ ಅಂದೆ. ಅಣ್ಣ ಹೋದ ಮೇಲೆ ಅತ್ತಿಗೆಗೆ ನಾನು ಹೇಳಿದ್ದು ಹೀಗೆ: ಬಸ್ಸಿನಲ್ಲಿ ನೂಕುನುಗ್ಗಲು, ಬಿಸಿಲು ಪರದೆಗೆ ಹೊಡೆಯುತ್ತಿತ್ತು, ಯಾವ ಗೋಡೆ, ಯಾರು ಬರೆದದ್ದು ಅಂತ ಗೊತ್ತಾಗಲಿಲ್ಲ, ಗೊತ್ತಿದ್ದರೆ ಹಾಗೆ ಮಾಡುತ್ತಿದ್ದೆನಾ? ಅತ್ತಿಗೆ ನನ್ನ ಕೈ ಹಿಡಿದುಕೊಂಡು ಅತ್ತಳು.

ಅದು ಸುಳ್ಳು. ಬಸ್ಸು ಖಾಲಿ ಇತ್ತು. ನಾನು ಕಿಟಕಿಯ ಪಕ್ಕ ಕೂತಿದ್ದೆ. ಹಸಿರು ಎಲೆ ಕಂಡಿತು.

ಯಾಕೆ ಹಾಗೆ ಮಾಡಿದೆ ಎಂದು ಹೇಳಬೇಕಾದರೆ ಬಣ್ಣದ ವಿಷಯ ಹೇಳಬೇಕು. ಪರಿಶೀಲಕರಿಗೂ ಒಂದು ಅಂಕಪಟ್ಟಿ ಇದೆ. ನಮ್ಮ ತೀರ್ಪು ಕೊನೆಗೆ ಬಹುಮತದ ತೀರ್ಪಿನ ಜತೆ ಹೊಂದಿದರೆ ಹಸಿರು. ಹೊಂದದೆ ಹೋಗುತ್ತಿದ್ದರೆ ಹಳದಿ, ಆಮೇಲೆ ಕೆಂಪು. ಸಾಸ್ವೆಹಳ್ಳಿಯ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೆಟ್ಟಿಲು ಬಂದಾಗ ಯೋಗ್ಯ ಎಂದಿದ್ದೆ. ಜಗಳೂರಿನ ಒಂದು ಚಹಾದಂಗಡಿಯ ಮುಂದಿನ ಬೇವಿನ ಕಟ್ಟೆಗೂ ಹಾಗೇ ಅಂದೆ. ಎರಡನ್ನೂ ಉಳಿದವರು ತಳ್ಳಿಹಾಕಿದರು. ನಾನು ಹಳದಿಗೆ ಇಳಿದೆ. ಇಷ್ಟು ಸಣ್ಣ ವಿಷಯ ಒಬ್ಬ ಹೆಂಗಸಿನ ಮನಸ್ಸನ್ನು ಹೇಗೆ ಹಿಡಿಯುತ್ತದೆ ಎಂದು ಕೇಳಬೇಡಿ, ಹಿಡಿಯಿತು. ಕಚೇರಿಯಲ್ಲಿ ನನ್ನ ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ. ಇಲ್ಲಿ ಬೇಕಿತ್ತು, ಅದಕ್ಕೊಂದು ಬಣ್ಣ ಇತ್ತು. ಅಂದಿನಿಂದ ನಾನು ಫೋಟೋ ನೋಡುವುದನ್ನು ಬಿಟ್ಟೆ. ಉಳಿದವರು ಏನನ್ನಬಹುದು ಎಂದು ಊಹಿಸಿ ಅದನ್ನೇ ಅನ್ನತೊಡಗಿದೆ.

ಅಣ್ಣನ ಗೋಡೆ ಬಂದಾಗಲೂ ಊಹಿಸಿದೆ. ಪಂಪ್‌ಹೌಸ್, ಮಾಸಿದ ಬಣ್ಣ, ಎಲ್ಲ ಊರಲ್ಲೂ ಇರುವಂಥ ಅಕ್ಷರಗಳು. ತಳ್ಳುತ್ತಾರೆ ಅನ್ನಿಸಿತು. ಅವನು ಬರೆದ ಸಾಲು ಓದಿದೆ: "ಇದು ಕೈಯಲ್ಲಿ ಬರೆದದ್ದು." ಅಷ್ಟೇ ಬರೆದಿದ್ದ. ಬೆರಳು ಎಷ್ಟು ಹೊತ್ತು ತಡೆಯಿತು? ಬಹಳ ಹೊತ್ತು ಎಂದು ಬರೆಯಲು ಆಸೆ. ಗೊತ್ತಿಲ್ಲ. ಯೋಗ್ಯವಲ್ಲ ಒತ್ತಿದೆ. ಆಟ ಕಾರಣ ಕೇಳಿತು. ಪಟ್ಟಿಯಲ್ಲಿದ್ದ ಇಂಗ್ಲಿಷ್ ಕಾರಣಗಳಲ್ಲಿ ಒಂದನ್ನು ಆರಿಸಿದೆ. ಕನ್ನಡದಲ್ಲಿ ಹೇಳುವುದಾದರೆ: ಜನ ಹುಡುಕಿಕೊಂಡು ಬಂದು ನೋಡುವಂಥದ್ದು ಇಲ್ಲೇನೂ ಇಲ್ಲ.

ಮುಂದಿನ ವಾರ ನನ್ನ ಬಣ್ಣ ಹಸಿರಾಯಿತು.

ಆ ವಾರದ ಭಾನುವಾರ ಅಣ್ಣ ಹೊನ್ನಾಳಿಗೆ ಬಂದ. ಅಥವಾ ಅದರ ಮುಂದಿನ ಭಾನುವಾರ. ಚಹಾ ಕುಡಿಯುತ್ತ ಫೋನ್ ಮುಂದಿಟ್ಟ. "ಇದೇನೋ ಇಂಗ್ಲಿಷಲ್ಲಿ ಐತೆ, ಓದು ಮೇಡಂ."

ಓದಿದೆ. ನಾನು ಆರಿಸಿದ್ದ ಅದೇ ಕಾರಣ. ಕನ್ನಡದಲ್ಲಿ ಹೇಳಿದೆ.

ಅವನು ತಟ್ಟೆಗೆ ಚಹಾ ಬಗ್ಗಿಸಿಕೊಂಡ. "ಹಂಗಂದೋರು ಯಾರು ಅಂತ ಗೊತ್ತಾಗಲ್ವಾ?"

"ಇಲ್ಲ. ಹೆಸರು ತೋರಿಸಲ್ಲ."

"ಒಳ್ಳೇದಾತು ಬಿಡು. ಗೊತ್ತಾಗಿದ್ರೆ ಅವರ ಅಂಗಡಿ ಬೋರ್ಡಿನಾಗೆ ಒಂದಕ್ಷರ ಬೇಕಂತಲೇ ಸೊಟ್ಟ ಬರೀತಿದ್ದೆ."

ನಾನು ನಕ್ಕೆ. ಉಳಿದುದರಲ್ಲಿ ಅನುಮಾನವಿದೆ, ನಕ್ಕಿದ್ದರಲ್ಲಿ ಇಲ್ಲ. ಆಮೇಲೆ ಸುಮ್ಮನಿರಬಹುದಿತ್ತು. ಸುಮ್ಮನಿರಲಾಗದೆ ಅಂದೆ: "ಬಣ್ಣ ಮಾಸೈತಲ್ಲ ಭಾಯಿ, ಅದಕ್ಕೇ ಬೇಡ ಅಂದಿರ್ಬೇಕು."

"ಹೌದಾ?" ಎಂದ. ಫೋಟೋವನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದ. "ಬಣ್ಣದ್ದೇ ಆದ್ರೆ ಅದೇನು ದೊಡ್ಡ ಕೆಲಸ."

ಆಮೇಲೆ ಎರಡು ವಾರವೋ ಮೂರೋ. ಒಂದು ಬೆಳಿಗ್ಗೆ ನಮಾಜ್ ಮುಗಿಸಿ ಬಂದವನು ಬಾಗಿಲ ಹತ್ತಿರ ಕೂತ, ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಆ ವಾರ ಅವನು ಎಲ್ಲೋ ಬಿಸಿಲಲ್ಲಿ ಕೆಲಸಕ್ಕೆ ಹೋಗಿದ್ದ ಎಂದು ಅತ್ತಿಗೆ ಅಂದಿದ್ದಳು, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ ಎಂದು ಕೇಳಿದೆ. ಇಲ್ಲ ಎಂದರು. ಅವರು ನನ್ನ ಮುಖ ನೋಡಿ ಹಾಗೆ ಹೇಳಿರಬಹುದು.

ನಲವತ್ತು ದಿನ ಕಳೆದ ಮೇಲೆ ಆ ಗೋಡೆಯನ್ನು ನಾನೇ ಕಳಿಸಿದೆ. ಅತ್ತಿಗೆಯ ಫೋನಿನಲ್ಲಿದ್ದ ಹಳೇ ಫೋಟೋ ಹಾಕಿದೆ. ವಿವರಣೆ ಉದ್ದವಾಗಿ ಬರೆದೆ, ನಿಯಮ ಗೊತ್ತಿದ್ದವಳು ಬರೆಯುವ ಹಾಗೆ. ನಾನೇ ಕಳಿಸಿದ್ದಕ್ಕೆ ನಾನು ತೀರ್ಪು ಕೊಡುವಂತಿರಲಿಲ್ಲ. ಎಲ್ಲೋ ಬಸ್ಸಿನಲ್ಲಿ ಕೂತು ಉಳಿದವರ ಮನಸ್ಸು ಊಹಿಸುವ ನನ್ನಂಥವರೇ ಕೊಡಬೇಕಿತ್ತು. ಕೊಟ್ಟರು. ಉತ್ತರ ಬಂತು. ಅದೇ ಸಾಲು.

ಫೋಟೋ ಹಳೆಯದಾಯಿತು, ಹೊಸದು ತೆಗೆದು ಮತ್ತೆ ಕಳಿಸೋಣ ಎಂದು ರಜೆ ಹಾಕಿ ತ್ಯಾವಣಿಗೆಗೆ ಹೋದೆ. ಮೊದಲ ಸಲ.

ಗೋಡೆ ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು. ಅರ್ಧ ಹೊಳೆಯುತ್ತಿತ್ತು. ಅ ಆ ಇ ಈ ಎಲ್ಲ ಹೊಸ ಕೆಂಪು, ಅಂಚಿಗೆ ಕಪ್ಪು. ಕ ಸಾಲು, ಚ ಸಾಲು, ಟ ಸಾಲು ಹೊಸತು. ತ, ಥ, ದ. ಅಲ್ಲಿಗೆ ಹೊಸ ಬಣ್ಣ ನಿಂತಿತ್ತು. ಮುಂದಿನವೆಲ್ಲ ಮಾಸಿದ ಹಳೇ ಅಕ್ಷರಗಳು, ಅವುಗಳ ಕೆಳಗೆ ಈಗಷ್ಟೇ ಚಿಮ್ಮಿದಂತಿರುವ ನೀಲಿ ಗೀಟು.

ನಲ್ಲಿಗೆ ಕೊಡ ಹಿಡಿದಿದ್ದ ಹೆಂಗಸೊಬ್ಬಳು ನನ್ನನ್ನೇ ನೋಡುತ್ತಿದ್ದಳು. "ಏನ್ ನೋಡ್ತೀರಿ ಅಕ್ಕಾ? ನೋಡಾಕೆ ಏನೈತೆ ಇಲ್ಲಿ?"

"ಅಕ್ಷರ" ಎಂದೆ.

"ಅದಾ? ಒಬ್ರು ಸಾಬ್ರು ಬರೀತಿದ್ರು. ಮೂರು ದಿನ ಬಂದ್ರು. ಬಿಸಿಲಾಗೆ ಯಾಕ್ರೀ, ಸಂಜೆ ಬರ್ರಿ ಅಂದೆ. ನಮ್ಮ ತಂಗಿ ಇದನ್ನ ನೋಡೋಳಿದಾಳೆ, ಅಷ್ಟರಾಗೆ ಮುಗಿಸ್ಬೇಕು ಅಂದ್ರು. ಬಣ್ಣ ಆಗೋತು, ತಗಂಡು ಬರ್ತೀನಿ ಅಂತ ಹೋದೋರು ಬರಲೇ ಇಲ್ಲ."

ನೋಡೋಳಿದಾಳೆ. ಗೋಡೆಯ ಮುಂದೆ ಬಂದು ನೋಡುವವಳು ಎಂದನೋ, ಪರದೆಯ ಮೇಲೆ ನೋಡುವವಳು ಎಂದನೋ? ನಾನು ಪರಿಶೀಲಿಸುವವಳು ಎಂಬುದು ಅವನಿಗೆ ಗೊತ್ತಿತ್ತು. ಮೊದಲ ಸಲ ಯಾರು ನೋಡಿದ್ದು ಎಂಬುದೂ ಗೊತ್ತಿತ್ತೇ? ಗೊತ್ತಿದ್ದೇ ಆ ಸೊಟ್ಟ ಅಕ್ಷರದ ತಮಾಷೆ ಮಾಡಿದನೇ? ಆ ಭಾನುವಾರದ ಅವನ ಮುಖವನ್ನು ಎಷ್ಟು ಸಲ ತಂದುಕೊಂಡರೂ ತಟ್ಟೆಯ ಅಂಚು ಮಾತ್ರ ಕಾಣುತ್ತದೆ.

"ಬಂದಿದ್ಲಾ ಆ ತಂಗಿ?" ಎಂದಳು ಹೆಂಗಸು.

"ನೋಡಿದ್ಲು" ಎಂದೆ.

"ಏನಂದ್ಲು?"

ಕೊಡ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಅವಳು ನಲ್ಲಿ ತಿರುಗಿಸಿ, ಕೊಡ ಎತ್ತದೆ ನಿಂತಳು. ನಾನು ಫೋನನ್ನು ಚೀಲದೊಳಗಿಟ್ಟೆ. ಫೋಟೋ ತೆಗೆಯಲಿಲ್ಲ. ದ ಆದ ಮೇಲಿನ ಅಕ್ಷರವನ್ನು ಮುಟ್ಟಿದೆ. ಬೆರಳಿಗೆ ಹಳೇ ಬಣ್ಣ ಪುಡಿಯಾಗಿ ಹತ್ತಿತು.