ತಿನ್ನದವಳ ಕೈಗೆ ಕೊಟ್ಟ ಚಾಕು

ಊಟಕ್ಕೆ ಮೊದಲು ಅವರು ವಾಚು ಬಿಚ್ಚಿ ಶರ್ಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಬಿಸಿಲಿಗೆ ಕಂದಿದ ಆ ಎಡಗೈಯಲ್ಲಿ ವಾಚಿದ್ದಷ್ಟು ಜಾಗ ಮಾತ್ರ ಎಳೆಮಗುವಿನ ಮೈಯಂತೆ ಬೆಳ್ಳಗಿತ್ತು. ಆಮೇಲೆ ತೋಳು ಮಡಚಿ, ಎದ್ದು ನಿಂತು ಚಾಕು ಎತ್ತಿಕೊಂಡರೆ ನಮ್ಮ ಭಾನುವಾರ ಶುರುವಾಯಿತೆಂದೇ ಲೆಕ್ಕ.

ನೈರೋಬಿಯ ಕಿಲೆಲೆಶ್ವಾದಲ್ಲಿ ನಮ್ಮ ಕೆಳಗಿನ ಮನೆಯ ಅಂಕಲ್ ಅವರು. ಕೊಡಗಿನವರು, ಮಗಳ ಸಂಸಾರದ ಜೊತೆ ಇದ್ದರು. ನಾನು ಮೈಸೂರಿನಿಂದ ಕೆಲಸಕ್ಕೆಂದು ಒಬ್ಬಳೇ ಬಂದವಳು, ಮೊಟ್ಟೆಯನ್ನೂ ಮುಟ್ಟದವಳು. ಬಂದ ವಾರವೇ ಬಾಗಿಲು ತಟ್ಟಿದರು.

"ಭಾನುವಾರ ಒಬ್ಬಳೇ ಕೂತು ಉಣ್ಣಬಾರದಮ್ಮ. ನಡಿ."

"ಅಂಕಲ್, ನಾನು ಮಾಂಸ..."

"ಗೊತ್ತು. ಅಲ್ಲಿ ಆಲೂಗಡ್ಡೆನೂ ಚೆನ್ನಾಗಿರುತ್ತೆ."

ಲಿಮುರು ಕಡೆ, ಟೀ ತೋಟಗಳ ನಡುವೆ, ಇಂಗ್ಲೆಂಡಿನ ಹಳ್ಳಿಯ ಪಬ್ಬಿನಂತೆ ಕಟ್ಟಿದ ಜಾಗ ಅದು. ಅದರದೇ ಶಾಖೆ ವೆಸ್ಟ್‌ಲ್ಯಾಂಡ್ಸಿನಲ್ಲೂ ಇತ್ತು, ಮನೆಗೆ ಹತ್ತಿರ. ಆದರೆ ಅಲ್ಲಿ ಮಾಂಸದ ರೋಸ್ಟನ್ನು ಒಳಗೇ ಕೊಯ್ದು ತಟ್ಟೆಗೆ ಹಾಕಿ ತರುತ್ತಿದ್ದರು. ಇಲ್ಲಿ ಮೊದಲೇ ಹೇಳಿಟ್ಟರೆ ರೋಸ್ಟ್ ಮಾಡಿದ ಹಂದಿಯ ಇಡೀ ತೊಡೆಯನ್ನು ಹಲಗೆಯ ಮೇಲಿಟ್ಟು ಟೇಬಲ್ಲಿಗೇ ತರುವರು; ಕೊಯ್ದು ಎಲ್ಲರಿಗೂ ಬಡಿಸುವುದು ಅಂಕಲ್. "ಯಾರೋ ಒಳಗೆ ಕೊಯ್ದು ಕಳ್ಸಿದ್ರೆ ಅದು ಆಸ್ಪತ್ರೆ ಊಟ," ಎನ್ನುತ್ತಿದ್ದರು ಅಂಕಲ್.

ಮೊದಲ ದಿನ ನಾನು ಆಲೂಗಡ್ಡೆಯನ್ನು ಅನುಮಾನದಿಂದ ನೋಡುತ್ತಿದ್ದಾಗ ಸೀದಾ ಅಡುಗೆಮನೆಗೇ ನುಗ್ಗಿದರು. ಒಳಗಿನಿಂದ ಜೋರಾಗಿ "ಅಸಾಂಟೆ, ಅಸಾಂಟೆ!" ಎಂದು ಅವರು ಅಡುಗೆಯವರಿಗೆ ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳುವುದು ಕೇಳಿಸಿತು. ಹೊರಬಂದವರೇ, "ಬೇರೆ ಟ್ರೇ, ಬೇರೆ ಎಣ್ಣೆ. ನಾನೇ ನೋಡಿದೆ. ಧೈರ್ಯವಾಗಿ ತಿನ್ನು," ಎಂದರು.

ಹೀಗೆ ಎರಡು ವರ್ಷ ನಡೆಯಿತು. ಮೂರನೆಯ ವರ್ಷ ಅವರ ಕೈ ನಡುಗಲು ಹತ್ತಿತು. ಒಂದು ಭಾನುವಾರ ಚಾಕು ಜಾರಿ, ಒಂದು ತುಂಡು ಹಾರಿ ಮೊಮ್ಮಗಳ ಜ್ಯೂಸಿನೊಳಗೆ ಬಿತ್ತು. "ತಾತ, ನೈಸ್ ಶಾಟ್!" ಎಂದಳು ಹುಡುಗಿ. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ.

ಅಳಿಯ ಮೆಲ್ಲಗೆ ಹೇಳಿದರು: "ಮಾವ, ಇನ್ಮೇಲೆ ವೆಸ್ಟ್‌ಲ್ಯಾಂಡ್ಸ್‌ಗೇ ಹೋಗೋಣ. ರೆಡಿ ಪ್ಲೇಟ್ ಕೊಡ್ತಾರೆ, ಟೆನ್ಷನ್ ಇರಲ್ಲ. ಬೇಡಾಂದ್ರೆ ಕೊಡಿ, ನಾನೇ ಕಟ್ ಮಾಡ್ತೀನಿ."

"ನಿನಗೆ ಕೊಟ್ರೆ ನಿನ್ನ ತಟ್ಟೆ ತುಂಬುತ್ತೆ, ನನ್ನ ಮಗಳಿಗೆ ಮೂಳೆ."

"ಹಾಗಾದ್ರೆ ನಾನು?" ಎಂದಳು ಮಗಳು.

"ನೀನು ಎಲ್ಲಾ ನಿನ್ನ ಕೂಸಿಗೇ ಹಾಕ್ತೀಯ." ಚಾಕುವಿನ ಹಿಡಿಯನ್ನು ನನ್ನತ್ತ ತಿರುಗಿಸಿದರು. "ತಿನ್ನದವರು ಹಂಚಿದ್ರೆ ಜಗಳ ಇರಲ್ಲ. ಏಳಮ್ಮ."

"ಅಂಕಲ್! ನಮ್ಮಮ್ಮ ಕೇಳಿದ್ರೆ ಫೋನಲ್ಲೇ ನನ್ನ ತಲೆ ಮೇಲೆ ನೀರು ಸುರೀತಾರೆ."

"ಅಮ್ಮನಿಗೆ ನಾನು ಹೇಳ್ತೀನಿ. ಬೇಡ ಅನ್ಸಿದ್ರೆ ಬಿಡು, ಒತ್ತಾಯ ಇಲ್ಲ."

ಒತ್ತಾಯ ನಿಜವಾಗಿಯೂ ಇರಲಿಲ್ಲ. ಆದರೆ ನಾನು ಒಲ್ಲೆನೆಂದರೆ ಇವರು ಮುಂದಿನ ವಾರದಿಂದ ಯಾರೋ ಕೊಯ್ದ ತಟ್ಟೆಯ ಮುಂದೆ ಸುಮ್ಮನೆ ಕೂರುವ ಮುದುಕರಾಗಿಬಿಡುತ್ತಾರೆ ಎಂಬುದು ಆ ಟೇಬಲ್ಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎದ್ದು ಚಾಕು ತೆಗೆದುಕೊಂಡೆ. ಅವರು ಕೂತಲ್ಲಿಂದಲೇ ಪಾಠ ಹೇಳಿದರು. "ಒತ್ತಬೇಡ, ಚಾಕು ತಾನೇ ಇಳಿಯುತ್ತೆ. ಅಯ್ಯೋ, ಚಪ್ಪಲಿ ಅಟ್ಟೆ ಆಯ್ತಲ್ಲಮ್ಮ ಇದು! ತೆಳ್ಳಗೆ, ತೆಳ್ಳಗೆ. ತಟ್ಟೆ ನೋಡಬೇಡ, ಮುಖ ನೋಡಿ ಬಡಿಸು. ಸಾಕೋ ಬೇಕೋ ಮುಖವೇ ಹೇಳುತ್ತೆ."

ಮೊದಲ ತುಂಡನ್ನು ಅವರಿಗೇ ಹಾಕಿದೆ. ಬಾಯಿಗಿಟ್ಟುಕೊಂಡು ಹುಬ್ಬೇರಿಸಿದರು.

"ಓ! ಇದು ಇಷ್ಟು ಬಿಸಿ ಇರುತ್ತಾ? ಬಡಿಸೋನಿಗೆ ಯಾವತ್ತೂ ಗೊತ್ತೇ ಆಗಲ್ಲ ನೋಡು."

ಅಲ್ಲಿಂದ ಒಂದು ವರ್ಷ, ಪ್ರತಿ ಭಾನುವಾರ ನಾನು ಕೊಯ್ದೆ, ಅವರು ಬೈದರು.

ಅವರು ತೀರಿಕೊಂಡಾಗ ಮನೆಯವರೆಲ್ಲ ಊರಿಗೆ ಹೋಗಿ ಕರ್ಮಗಳನ್ನು ಮುಗಿಸಿಕೊಂಡು ಬಂದರು. ಇನ್ನು ನನ್ನನ್ನು ಕರೆಯಲು ಅವರಿಗೆ ಕಾರಣವೇನಿದೆ ಎಂದುಕೊಂಡು, ಆ ಭಾನುವಾರ ನಾನು ಒಬ್ಬಳಿಗೇ ಅಕ್ಕಿ ತೊಳೆಯುತ್ತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಅಳಿಯ ನಿಂತಿದ್ದರು.

"ಲಿಮುರುಗೆ ಫೋನ್ ಮಾಡಿ ಇಡೀ ತೊಡೆ ಹೇಳಿಟ್ಟಿದೀನಿ. ನೀವು ಬರ್ಲಿಲ್ಲಾಂದ್ರೆ ಕೊಯ್ಯೋರಿಲ್ಲ."

ಅಕ್ಕಿಯನ್ನು ನೀರಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿಕೊಂಡೆ.